ಶಾಲೆಯ ಹೊಸ್ತಿಲಲ್ಲಿ

ಮೇ ತಿಂಗಳ ಕೊನೆಯ ವಾರ ಬಂದಿತೆಂದರೆ ನಮ್ಮ ಊರುಗಳಲ್ಲಿ ಎರಡು ಬಗೆಯ ಸಿದ್ಧತೆಗಳು ಜೊತೆಜೊತೆಯಾಗಿ ನಡೆಯುತ್ತವೆ. ಹೊಲದವರು ಮುಂಗಾರಿನ ಮೋಡವನ್ನು ನೋಡುತ್ತ ಬಿತ್ತನೆಯ ಬೀಜವನ್ನು ಹೊಂದಿಸಿಕೊಳ್ಳುತ್ತಾರೆ. ಮಕ್ಕಳೊಂದಿಗರು ಪುಸ್ತಕದಂಗಡಿಯ ಮುಂದೆ ಸಾಲುಗಟ್ಟುತ್ತಾರೆ. 2025ರಲ್ಲಿ ಕರ್ನಾಟಕದ ಶಾಲೆಗಳು ಮೇ 29ರಂದು ಬಾಗಿಲು ತೆರೆದುವು. ಗೇಟಿಗೆ ಮಾವಿನ ತೋರಣ, ಅಂಗಳಕ್ಕೆ ರಂಗೋಲಿ, ಬಿಸಿಯೂಟದ ತಟ್ಟೆಯಲ್ಲಿ ಒಂದು ಸಿಹಿ, ಒಳಬರುವ ಮಗುವಿನ ಕೈಗೆ ಒಂದು ಗುಲಾಬಿ. ಇದಕ್ಕೆ ‘ಪ್ರಾರಂಭೋತ್ಸವ’ವೆಂದು ಹೆಸರು. ಮರುದಿನದ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಎರಡು ಚಿತ್ರಗಳು ಅಚ್ಚಾಗುತ್ತವೆ. ಒಂದರಲ್ಲಿ ಗಣ್ಯರೊಬ್ಬರು ಮಗುವಿಗೆ ಹೂ ಕೊಡುತ್ತಿರುತ್ತಾರೆ. ಇನ್ನೊಂದರಲ್ಲಿ ಒಂದು ಮಗು ತಾಯಿಯ ಸೆರಗನ್ನು ಎರಡೂ ಕೈಗಳಿಂದ ಹಿಡಿದು ಬಾಯಿ ತೆರೆದು ಅಳುತ್ತಿರುತ್ತದೆ. ಮೊದಲ ಚಿತ್ರದ ಕೆಳಗೆ ಗಂಭೀರವಾದ ಒಕ್ಕಣೆ. ಎರಡನೆಯದರ ಕೆಳಗೆ ಓದುಗರನ್ನು ನಗಿಸುವ ಒಂದು ಸಾಲು.

ಈ ಎರಡನೆಯ ಚಿತ್ರವನ್ನು ನೋಡಿ ನಾನೂ ಬಹಳ ವರ್ಷ ನಕ್ಕಿದ್ದೇನೆ. ಅಷ್ಟು ಸಂಕಟವುಳ್ಳ ದೊಡ್ಡವನೊಬ್ಬನ ಚಿತ್ರ ಅಚ್ಚಾದರೆ ನಾವು ನಗುವುದಿಲ್ಲವಲ್ಲ, ಇಲ್ಲಿ ಏಕೆ ನಗುತ್ತೇವೆ ಎಂಬ ಪ್ರಶ್ನೆ ಈಚೆಗೆ ಹುಟ್ಟಿತು. ಮಗುವಿನ ಭಯ ಅಲ್ಪವಾದದ್ದು, ನಾಳೆಗೆ ಮರೆತುಹೋಗುವಂಥದು ಎಂಬ ನಂಬಿಕೆಯೇ ಆ ನಗೆಗೆ ಕಾರಣ. ಬಹುಮಟ್ಟಿಗೆ ಆ ನಂಬಿಕೆ ಸರಿಯೂ ಹೌದು. ಹೊಸದಾಗಿ ಸೇರಿದ ಮಕ್ಕಳಲ್ಲಿ ಹೆಚ್ಚಿನವರು ಒಂದೆರಡು ವಾರಗಳಲ್ಲಿ ಅಳುವುದನ್ನು ಬಿಡುತ್ತಾರೆ. ಆದರೆ ಅಳುವುದನ್ನು ಬಿಟ್ಟವರೆಲ್ಲರೂ ಹೆದರುವುದನ್ನು ಬಿಟ್ಟವರಲ್ಲ. ಮೂರನೆಯ ತರಗತಿಯ ಹುಡುಗ ಗೇಟಿನಲ್ಲಿ ಅಳುವುದಿಲ್ಲ. ಅವನಿಗೆ ಹೊಟ್ಟೆ ನೋಯುತ್ತದೆ. ಏಳನೆಯ ತರಗತಿಯ ಹುಡುಗಿಗೆ ತಲೆಶೂಲೆ. ಪತ್ರಿಕೆಯವರು ಚಿತ್ರ ತೆಗೆಯಲು ಅಲ್ಲಿ ಏನೂ ಇರುವುದಿಲ್ಲ.

ಇದು ಜೂನ್ ತಿಂಗಳಿಗೆ ಮಾತ್ರ ಸೇರಿದ ಸಂಗತಿಯೂ ಅಲ್ಲ. ದಸರೆಯ ರಜೆ ಮುಗಿದ ಮೇಲೆ, ಜ್ವರದಿಂದ ಎದ್ದ ಮೇಲೆ, ಊರಿನ ಜಾತ್ರೆಯನ್ನೋ ಬಂಧುಗಳ ಮದುವೆಯನ್ನೋ ಮುಗಿಸಿ ಬಂದ ಮೇಲೆ, ಮಕ್ಕಳು ಮತ್ತೆ ಮತ್ತೆ ಶಾಲೆಗೆ ಹಿಂದಿರುಗಬೇಕಾಗುತ್ತದೆ. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಕೆಲಸಕ್ಕೆ ಉಪಾಧ್ಯಾಯರು ಬೇಕಾದುದರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಬೆಳೆಸಲಾಯಿತು. ಅದರ ಬೆನ್ನಿಗೇ ದೀಪಾವಳಿ. ಪಾಠಗಳ ನಷ್ಟವನ್ನು ಕುರಿತು ಆಗ ಸಾಕಷ್ಟು ಚರ್ಚೆಯಾಯಿತು. ಅಷ್ಟು ದಿನ ಮನೆಯಲ್ಲಿದ್ದ ಮಗು ಮತ್ತೆ ಶಾಲೆಯ ಮೆಟ್ಟಿಲು ಹತ್ತುವಾಗ ಅದರ ಎದೆಯಲ್ಲಿ ಏನಾಗುತ್ತದೆಂಬುದನ್ನು ಕುರಿತು ಮಾತ್ರ ಒಬ್ಬರಾದರೂ ಮಾತನಾಡಿದ್ದು ನನ್ನ ಕಿವಿಗೆ ಬೀಳಲಿಲ್ಲ. ಭಾನುವಾರದ ಬೆಳಗ್ಗೆ ಈ ಪುಟವನ್ನು ಓದುತ್ತಿರುವ ಮನೆಗಳಲ್ಲಿಯೇ ಸಂಜೆ ಐದು ಗಂಟೆಯ ಹೊತ್ತಿಗೆ ಮಗುವೊಂದು ಇದ್ದಕ್ಕಿದ್ದಂತೆ ಮಾತು ಕಡಿಮೆ ಮಾಡುವುದುಂಟು. ನಾಳೆ ಸೋಮವಾರ.

ಮೊದಲು ಹೊಟ್ಟೆನೋವಿನ ವಿಚಾರವನ್ನೇ ಇತ್ಯರ್ಥ ಮಾಡಿಕೊಳ್ಳೋಣ. ಬೆಳಗ್ಗೆ ಏಳು ಗಂಟೆಗೆ ಮಗು ಹೊಟ್ಟೆ ಹಿಡಿದುಕೊಂಡು ಮಲಗುತ್ತದೆ. ತಾಯಿ ಓಮದ ಕಷಾಯ ಕಾಯಿಸುತ್ತಾಳೆ. ಶಾಲೆಯ ವ್ಯಾನು ಬಂದು ಹೋಗುತ್ತದೆ. ಹತ್ತು ಗಂಟೆಗೆ ಮಗು ಎದ್ದು ದೋಸೆ ತಿಂದು ಆಟಕ್ಕೆ ತೊಡಗುತ್ತದೆ. ‘ನೋಡಿದಿರಾ, ಎಲ್ಲಾ ನಾಟಕ’ ಎಂದು ಅಜ್ಜಿ ತೀರ್ಪು ಕೊಡುತ್ತಾರೆ. ಭಾನುವಾರ ನೋವು ಬರುವುದಿಲ್ಲ ಎಂಬುದು ಆ ತೀರ್ಪಿಗೆ ಇನ್ನೊಂದು ಸಾಕ್ಷ್ಯ.

ಸಾಕ್ಷ್ಯ ನಿಜ, ತೀರ್ಪು ತಪ್ಪು. ಹೆದರಿದ ದೇಹದಲ್ಲಿ ರಕ್ತ ಕೈಕಾಲುಗಳ ಸ್ನಾಯುಗಳ ಕಡೆಗೆ ಹರಿಯುತ್ತದೆ, ಜೀರ್ಣಾಂಗಗಳ ಕೆಲಸ ಏರುಪೇರಾಗುತ್ತದೆ, ಎದೆ ಬಡಿದುಕೊಳ್ಳುತ್ತದೆ, ಬಾಯಿ ಒಣಗುತ್ತದೆ. ಸಂದರ್ಶನದ ಕೊಠಡಿಯ ಹೊರಗೆ ಕಾದು ಕುಳಿತ ದೊಡ್ಡವರಿಗೆ ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದೂ ಇದೇ ಕಾರಣದಿಂದ. ದೊಡ್ಡವನು ಅದನ್ನು ‘ಆತಂಕ’ವೆಂದು ಗುರುತಿಸಬಲ್ಲ, ಏಳು ವರ್ಷದ ಮಗುವಿಗೆ ಆ ಪದವಿಲ್ಲ. ಅದಕ್ಕೆ ತಿಳಿದ ಪದ ‘ಹೊಟ್ಟೆನೋವು’. ಭಯದ ಕಾರಣ ದೂರವಾದೊಡನೆ ನೋವು ಇಳಿಯುವುದು ಸಹಜ. ಬೆಂಕಿಯಿಂದ ಕೈ ತೆಗೆದಾಗ ಸುಡುವಿಕೆ ಕಡಿಮೆಯಾಯಿತೆಂದು ಮೊದಲು ಸುಟ್ಟದ್ದೇ ಸುಳ್ಳು ಎನ್ನುತ್ತೇವೆಯೇ? ಭಾನುವಾರ ಬಾರದ ಹೊಟ್ಟೆನೋವು ಮಗುವಿನ ಕಪಟವನ್ನು ತೋರಿಸುವುದಿಲ್ಲ. ನೋವಿನ ಬೇರು ಎಲ್ಲಿದೆಯೆಂಬುದನ್ನು ತೋರಿಸುತ್ತದೆ. ವೈದ್ಯರಿಗೆ ಒಮ್ಮೆ ತೋರಿಸಿ ಬೇರೆ ಕಾಯಿಲೆಯೇನೂ ಇಲ್ಲವೆಂದು ಖಚಿತ ಮಾಡಿಕೊಳ್ಳುವುದು ಮಾತ್ರ ಅವಶ್ಯ.

ಇದರರ್ಥ ಮಕ್ಕಳು ನೆಪ ಹೂಡುವುದೇ ಇಲ್ಲವೆಂದಲ್ಲ. ಆರ್. ಕೆ. ನಾರಾಯಣ್ ಅವರ ಸ್ವಾಮಿಯನ್ನು ಬಲ್ಲವರಿಗೆ ಇದನ್ನು ಹೇಳಬೇಕಾಗಿಲ್ಲ. 1935ರಲ್ಲಿ ಹೊರಬಂದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ತೊಡಗುವುದೇ ಒಂದು ಸೋಮವಾರದ ಬೆಳಗಿನಿಂದ. ಅದೇ ಸ್ವಾಮಿಯ ಇನ್ನೊಂದು ಕಥೆಯಿದೆ, ‘ಫಾದರ್ಸ್ ಹೆಲ್ಪ್’ ಎಂದು. ತಲೆನೋವೆಂದು ಮಲಗಿದ ಹುಡುಗ ತಂದೆಯ ಒತ್ತಾಯದಿಂದ ಪಾರಾಗಲು ಸ್ಯಾಮ್ಯುಯಲ್ ಎಂಬ ಮೇಷ್ಟ್ರು ಬಹಳ ಕ್ರೂರಿಯೆಂದು ಕಥೆ ಕಟ್ಟುತ್ತಾನೆ. ತಂದೆ ಮುಖ್ಯೋಪಾಧ್ಯಾಯರಿಗೆ ಒಂದು ಬಿರುಸಾದ ಕಾಗದ ಬರೆದು ಅದನ್ನು ಹುಡುಗನ ಕೈಯಲ್ಲೇ ಕಳುಹಿಸುತ್ತಾನೆ. ಪಾಪ, ಹುಡುಗನಿಗೆ ಈಗ ಎರಡು ಸಂಕಟಗಳು. ತನ್ನ ಮಾತನ್ನು ನಿಜಮಾಡಲು ಅವನು ಮೇಷ್ಟ್ರನ್ನು ಕೆಣಕಿ ಹೊಡೆಸಿಕೊಳ್ಳಬೇಕಾಗುತ್ತದೆ! ಆಗುಂಬೆಯಲ್ಲಿ ಚಿತ್ರೀಕರಿಸಿದ ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ದೂರದರ್ಶನದಲ್ಲಿ ಬಂದಾಗ ಸ್ವಾಮಿಯನ್ನು ನೋಡಿ ನಾಡೆಲ್ಲ ನಕ್ಕಿತು. ನಗೆಯ ಹಿಂದಿನ ಸಂಗತಿಯನ್ನು ಗಮನಿಸಿ: ಆ ಮನೆಯಲ್ಲಿ ಮಗುವಿಗೆ ಎರಡೇ ದಾರಿಗಳಿದ್ದುವು. ಒಂದು, ಮರುಮಾತಿಲ್ಲದೆ ಹೋಗುವುದು; ಇನ್ನೊಂದು, ದೊಡ್ಡವರು ಒಪ್ಪುವಷ್ಟು ದೊಡ್ಡ ಕಾರಣವನ್ನು ಸೃಷ್ಟಿಸುವುದು. ‘ಇವತ್ತು ಹೋಗಲು ಮನಸ್ಸಿಲ್ಲ’ ಎಂಬ ಸಣ್ಣ ನಿಜಕ್ಕೆ ಅಲ್ಲಿ ಸ್ಥಳವಿರಲಿಲ್ಲ. ನಮ್ಮ ಮನೆಗಳಲ್ಲಿ ಇದೆಯೇ?

ಮನಶ್ಶಾಸ್ತ್ರಜ್ಞರು ಈ ವಿಷಯವನ್ನು ಕೈಗೆತ್ತಿಕೊಂಡು ಎಂಬತ್ತು ವರ್ಷಗಳ ಮೇಲಾಯಿತು. 1941ರಲ್ಲಿ ಅಮೆರಿಕದ ಅಡಿಲೇಡ್ ಜಾನ್ಸನ್ ಮತ್ತು ಅವರ ಸಹೋದ್ಯೋಗಿಗಳು ‘ಶಾಲಾಭೀತಿ’ಯೆಂಬ ಹೆಸರಿಟ್ಟು ಇದನ್ನು ಚಕ್ಕರ್ ಹೊಡೆಯುವುದರಿಂದ ಬೇರ್ಪಡಿಸಿದರು. ಚಕ್ಕರ್ ಹೊಡೆಯುವವನು ಮನೆಯಿಂದ ಹೊರಡುತ್ತಾನೆ, ಶಾಲೆಯನ್ನು ಮುಟ್ಟುವುದಿಲ್ಲ, ತಂದೆತಾಯಿಗಳಿಗೆ ತಿಳಿಯಗೊಡುವುದಿಲ್ಲ. ಹೆದರಿದ ಮಗುವಾದರೋ ತಂದೆತಾಯಿಗಳ ಕಣ್ಣೆದುರಿಗೇ ಮನೆಯಲ್ಲಿ ಉಳಿಯುತ್ತದೆ. ಓದಿನಲ್ಲಿ ಅದಕ್ಕೆ ಆಸಕ್ತಿಯಿಲ್ಲವೆಂದೂ ಅಲ್ಲ; ಎಷ್ಟೋ ವೇಳೆ ತರಗತಿಯ ಜಾಣ ಮಗುವೇ ಅದಾಗಿರುತ್ತದೆ. ಆ ಭಯ ವಾಸ್ತವವಾಗಿ ಶಾಲೆಗೆ ಹೋಗುವ ಭಯವಲ್ಲ, ತಾಯಿಯನ್ನು ಬಿಡುವ ಭಯ ಎಂಬುದು ಅವರ ನಿರ್ಣಯ. ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ 1973ರಲ್ಲಿ ಪ್ರಕಟಿಸಿದ ಅಗಲಿಕೆಯ ಕುರಿತಾದ ಗ್ರಂಥದಲ್ಲಿ ಈ ವಿಚಾರವನ್ನು ಮುಂದುವರಿಸಿ, ಮನೆಯ ಒಳಗನ್ನೇ ನೋಡಬೇಕೆಂದರು. ತಾನಿಲ್ಲದಾಗ ತಾಯಿಗೆ ಏನಾದರೂ ಆದೀತೆಂದು ಕೆಲವು ಮಕ್ಕಳು ಹೆದರುತ್ತಾರೆ. ರಾತ್ರಿ ತಂದೆತಾಯಿಗಳ ಜಗಳವನ್ನು ಕೇಳಿಸಿಕೊಂಡ ಮಗು, ಹಾಸಿಗೆ ಹಿಡಿದ ತಾಯಿಯ ಮಗು, ‘ನಿಮ್ಮ ಕಾಟಕ್ಕೆ ಎಲ್ಲಾದರೂ ಹೊರಟುಹೋಗುತ್ತೇನೆ’ ಎಂಬ ಮಾತನ್ನು ಕೇಳಿದ ಮಗು ಮನೆಯನ್ನು ಕಾಯಲು ನಿಲ್ಲುತ್ತದೆ. ಅದು ಸೋಮಾರಿತನವಲ್ಲ, ಒಂದು ಬಗೆಯ ಪಹರೆ.

ಇತ್ತೀಚಿನವರು, ಮುಖ್ಯವಾಗಿ ಅಮೆರಿಕದ ಕ್ರಿಸ್ಟೋಫರ್ ಕಿಯರ್ನಿ, ‘ಶಾಲಾಭೀತಿ’ ಎಂಬ ಹೆಸರಿಗಿಂತ ‘ಶಾಲಾನಿರಾಕರಣೆ’ ಎಂಬುದು ವಾಸಿಯೆಂದು ತಿಳಿದು, ಮಗು ಮನೆಯಲ್ಲಿ ಉಳಿಯುವುದರಿಂದ ಅದಕ್ಕೆ ದೊರೆಯುವುದೇನು ಎಂದು ಕೇಳುತ್ತಾರೆ. ಒಬ್ಬನು ಶಾಲೆಯಲ್ಲಿರುವ ಒಂದು ಅಹಿತವಾದ ವಸ್ತುವಿನಿಂದ ತಪ್ಪಿಸಿಕೊಳ್ಳುತ್ತಾನೆ. ಇನ್ನೊಬ್ಬನು ನಾಲ್ಕು ಜನರೆದುರು ತೂಗಿಸಿಕೊಳ್ಳುವುದರಿಂದ ತಪ್ಪಿಸಿಕೊಳ್ಳುತ್ತಾನೆ. ಮತ್ತೊಬ್ಬನಿಗೆ ತಾಯಿಯ ಆರೈಕೆ ಬೇಕು. ಮಗುದೊಬ್ಬನಿಗೆ ಮನೆಯಲ್ಲಿ ಮೊಬೈಲು ಇದೆ. ಹೊರಗಿನಿಂದ ನೋಡಿದರೆ ನಾಲ್ವರೂ ಹಾಜರಿ ಪುಸ್ತಕದಲ್ಲಿ ಒಂದೇ ಖಾಲಿ ಮನೆ. ಆದರೆ ಮೊಬೈಲಿಗಾಗಿ ಉಳಿದವನಿಗೆ ಹೇಳುವ ಮದ್ದನ್ನು ಹೆದರಿ ಉಳಿದವನಿಗೆ ಹೇಳಿದರೆ ಕೆಡುಕೇ ಹೆಚ್ಚು.

ಎಲ್ಲರೂ ಒಪ್ಪುವ ಒಂದು ಸೂತ್ರ ಮಾತ್ರ ಉಂಟು, ಅದು ಕೇಳಲು ಕಹಿಯಾದದ್ದು: ಮನೆಯಲ್ಲಿ ಉಳಿಸಿಕೊಂಡಷ್ಟೂ ಭಯ ಬೆಳೆಯುತ್ತದೆ. ಇಂದು ಹೋಗದಿದ್ದರೆ ಇಂದಿಗೆ ನೆಮ್ಮದಿ. ಆ ನೆಮ್ಮದಿಯ ರುಚಿಯೇ ನಾಳೆಯ ಹೊಟ್ಟೆನೋವನ್ನು ಇಮ್ಮಡಿ ಮಾಡುತ್ತದೆ. ಪಾಠ ಹಿಂದುಳಿಯುತ್ತದೆ, ಗೆಳೆಯರು ಬೇರೆ ಜೋಡಿ ಕಟ್ಟಿಕೊಳ್ಳುತ್ತಾರೆ, ‘ಏಕೆ ಬರಲಿಲ್ಲ?’ ಎಂಬ ಪ್ರಶ್ನೆಗೆ ಉತ್ತರ ಸಿದ್ಧಮಾಡಿಕೊಳ್ಳಬೇಕಾಗುತ್ತದೆ. ಆದ್ದರಿಂದ ಮಗು ಬೇಗ ಶಾಲೆಗೆ ಮರಳಬೇಕು, ಅರ್ಧ ದಿನವಾದರೂ ಸರಿ, ಒಂದು ಪೀರಿಯಡಾದರೂ ಸರಿ. ಈ ಸೂತ್ರವನ್ನು ಅರ್ಧ ಕೇಳಿದ ತಂದೆಯಂದಿರು ಮಗುವನ್ನು ಎಳೆದೊಯ್ದು ಸ್ಕೂಟರಿನ ಮೇಲೆ ಕೂರಿಸುತ್ತಾರೆ. ಇನ್ನರ್ಧ ಇಷ್ಟು: ಮಗುವನ್ನು ಕಳುಹಿಸುವುದರ ಜೊತೆಗೆ, ಅದು ಯಾವುದಕ್ಕೆ ಹೆದರುತ್ತಿದೆಯೋ ಆ ವಸ್ತು ಅಲ್ಲಿ ನಿಜವಾಗಿಯೂ ಇದೆಯೇ ಎಂದು ದೊಡ್ಡವರು ಹೋಗಿ ನೋಡಬೇಕು. ನಾವು ಮೊದಲನೆಯದನ್ನು ಮಾಡುತ್ತೇವೆ, ಎರಡನೆಯದನ್ನು ಮಾಡುವುದಿಲ್ಲ. ಈ ಲೇಖನಕ್ಕೆ ಕಾರಣವೇ ಅದು.

ನಮ್ಮ ಬೀದಿಯ ಗೃಹಿಣಿಯೊಬ್ಬರು ಅದನ್ನು ಮಾಡಿದ್ದನ್ನು ನಾನು ಹತ್ತಿರದಿಂದ ಕಂಡೆ. ಅವರ ಮಗ ಎರಡನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಮೂರನೆಯದಕ್ಕೆ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿದವನು. ಮೊದಲ ನಾಲ್ಕು ತಿಂಗಳು ಹೇಗೋ ನಡೆಯಿತು. 2025ರ ದಸರೆಯ ರಜೆ ಮುಗಿದ ಮೇಲೆ ಹೊಟ್ಟೆನೋವು ಕಾಣಿಸಿಕೊಂಡಿತು. ವೈದ್ಯರು ಪರೀಕ್ಷಿಸಿ ಏನೂ ಇಲ್ಲವೆಂದರು. ಮನೆಯಲ್ಲಿ ಯಜಮಾನರ ಪಕ್ಷ ದಂಡೋಪಾಯ, ಅಜ್ಜಿಯ ಪಕ್ಷ ದೃಷ್ಟಿ ತೆಗೆಯುವುದು. ಈ ತಾಯಿ ಎರಡಕ್ಕೂ ಅಡ್ಡಿ ಮಾಡದೆ, ಅಡಿಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ನೋವು ಬಂದ ದಿನಗಳಿಗೆ ಕೆಂಪು ಪೆನ್ಸಿಲಿನಿಂದ ಒಂದು ಗೆರೆ ಹಾಕತೊಡಗಿದರು. ನಾಲ್ಕು ವಾರಗಳಾದ ಮೇಲೆ ನೋಡಿದರೆ ಗೆರೆಗಳೆಲ್ಲ ಮಂಗಳವಾರ ಮತ್ತು ಶುಕ್ರವಾರದ ಸಾಲುಗಳಲ್ಲಿ ನಿಂತಿದ್ದುವು.

ಆಕೆ ಹುಡುಗನನ್ನು ‘ಏಕೆ ಹೆದರುತ್ತೀಯೆ?’ ಎಂದು ಕೇಳಲಿಲ್ಲ. ಆ ಪ್ರಶ್ನೆಗೆ ಮಕ್ಕಳಲ್ಲಿ ಉತ್ತರವಿರುವುದಿಲ್ಲ, ನಮ್ಮಲ್ಲಿಯೂ ಇರುವುದಿಲ್ಲ. ತಲೆಗೆ ಎಣ್ಣೆ ಹಚ್ಚುತ್ತ, ‘ಮಂಗಳವಾರ ಊಟಕ್ಕೆ ಮುಂಚೆ ಯಾವ ಪಾಠ ಕಂದಾ?’ ಎಂದು ಕೇಳಿದರು.

‘ಇಂಗ್ಲಿಷ್ ರೀಡಿಂಗ್.’

‘ಅದರಲ್ಲಿ ಏನು ಮಾಡಿಸುತ್ತಾರೆ?’

‘ಒಬ್ಬೊಬ್ಬರೇ ನಿಂತುಕೊಂಡು ಓದಬೇಕು. ನನ್ನ ಸರದಿ ಬರುತ್ತಲ್ಲಮ್ಮಾ.’

ಆಮೇಲೆ ತಿಳಿದುಬಂದದ್ದು ಇಷ್ಟು. ಮೊದಲನೆಯ ಬೆಂಚಿನಿಂದ ಓದು ಶುರುವಾದ ಕೂಡಲೇ ಹುಡುಗ ತನ್ನ ಮುಂದಿರುವ ತಲೆಗಳನ್ನು ಎಣಿಸುತ್ತಿದ್ದ. ತನಗೆ ಯಾವ ವಾಕ್ಯ ಬಂದೀತೆಂದು ಲೆಕ್ಕಹಾಕಿ ಅದನ್ನು ಮನಸ್ಸಿನಲ್ಲಿ ಉರುಹೊಡೆಯುತ್ತಿದ್ದ. ಮಧ್ಯೆ ಒಬ್ಬನು ಗೈರುಹಾಜರಾಗಿದ್ದರೆ ಅಥವಾ ಟೀಚರು ಒಂದು ಬೆಂಚನ್ನು ಬಿಟ್ಟು ಕರೆದರೆ ಲೆಕ್ಕವೆಲ್ಲ ತಪ್ಪಿ, ಕಾಣದ ವಾಕ್ಯವೊಂದು ಅವನ ಪಾಲಿಗೆ ಬರುತ್ತಿತ್ತು. ಒಂದು ಸಲ ತಡವರಿಸಿದಾಗ ತರಗತಿ ನಕ್ಕಿತ್ತು. ಟೀಚರು ಹೊಡೆದವರಲ್ಲ, ಬೈದವರೂ ಅಲ್ಲ. ತಾಯಿ ಹೋಗಿ ಹೇಳಿದಾಗ ಆ ತರುಣಿ ನಿಜವಾಗಿಯೂ ಬೆರಗಾದರಂತೆ. ಅಂದಿನಿಂದ ಹಿಂದಿನ ದಿನವೇ ‘ನಾಳೆ ಈ ಎರಡು ಸಾಲು ನಿನಗೆ’ ಎಂದು ಹೇಳಿಕಳುಹಿಸುವ ಏರ್ಪಾಡಾಯಿತು. ಡಿಸೆಂಬರಿನ ಹಾಳೆಯಲ್ಲಿ ಒಂದೇ ಗೆರೆ ಇತ್ತು. ಅಂದು ಹುಡುಗನಿಗೆ ಜ್ವರವೇ ಬಂದಿತ್ತೆಂದು ತಾಯಿ ಒತ್ತಿ ಹೇಳುತ್ತಾರೆ.

ಈ ಒಂದು ಹುಡುಗನ ಕಥೆಯಲ್ಲಿ ನಮ್ಮ ನಾಡಿನ ಒಂದು ದೊಡ್ಡ ಪ್ರಶ್ನೆ ಅಡಗಿದೆ. ಮಾಧ್ಯಮದ ವಾದವನ್ನು ನಾವು ಭಾಷಾಭಿಮಾನದ, ಉದ್ಯೋಗದ, ನ್ಯಾಯಾಲಯದ ಮಾತುಗಳಲ್ಲಿ ನಡೆಸಿಕೊಂಡು ಬಂದಿದ್ದೇವೆ. 2019–20ರಲ್ಲಿ ಸರ್ಕಾರವೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯಿತು; ತಂದೆತಾಯಿಗಳು ಬಯಸಿದ್ದೂ ಅದನ್ನೇ. ಬಯಸಿದವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ತಿಳಿಯದ ನುಡಿಯಲ್ಲಿ ದಿನಕ್ಕೆ ಆರು ಗಂಟೆ ಕುಳಿತ ಮಗು ಎಷ್ಟು ಹೆದರುತ್ತದೆಂಬುದನ್ನು ಯಾವ ಪಕ್ಷದವರೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಮೂತ್ರಕ್ಕೆ ಹೋಗಬೇಕೆಂಬುದನ್ನು ಇಂಗ್ಲಿಷಿನಲ್ಲಿ ಕೇಳಲು ಬಾರದೆ ಬೆಂಚಿನ ಮೇಲೆಯೇ ಒದ್ದೆಮಾಡಿಕೊಂಡ ಮಗು ಮರುದಿನ ಶಾಲೆಗೆ ಹೋಗಲು ಒಪ್ಪದಿದ್ದರೆ ಅದರ ಮನಸ್ಸಿನಲ್ಲಿ ರೋಗವಿದೆಯೆಂದು ಹೇಳುವ ಧೈರ್ಯ ಯಾರಿಗಿದೆ?

ಆ ಮಾತು ಬಂದದ್ದರಿಂದ ಇನ್ನೊಂದು ಸಂಗತಿಯನ್ನೂ ಹೇಳಿಬಿಡಬೇಕು. ನೀರಿಲ್ಲದ, ಚಿಲಕವಿಲ್ಲದ ಶೌಚಾಲಯಕ್ಕೆ ಹೆದರಿ ಬೆಳಗಿನಿಂದ ಒಂದು ಗುಟುಕು ನೀರು ಕುಡಿಯದೆ ಕೂರುವ ಹುಡುಗಿಯರು ಇದ್ದಾರೆ. 2019ರಲ್ಲಿ ಕೇರಳದ ಶಾಲೆಗಳಲ್ಲಿ ಮಕ್ಕಳು ನೀರು ಕುಡಿಯಲೆಂದೇ ಗಂಟೆ ಹೊಡೆಯುವ ಪದ್ಧತಿ ಬಂದಾಗ ಎಲ್ಲರೂ ಮೆಚ್ಚಿದರು. ಗಂಟೆಗಿಂತ ಮೊದಲು ಚಿಲಕ ಬೇಕು. ದೊಡ್ಡ ಹುಡುಗಿಯರ ತಲೆನೋವುಗಳಲ್ಲಿ ಎಷ್ಟು ಈ ಚಿಲಕದಿಂದ ಬಂದವೋ ಯಾರು ಬಲ್ಲರು!

ಹೊಡೆತದ ಕಥೆಯಂತೂ ಹಳೆಯದು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣ ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ಒಟ್ಟಿಗೇ ನಿಷೇಧಿಸಿದೆ. ಬೆತ್ತ ಬಹುಮಟ್ಟಿಗೆ ಮರೆಯಾಗಿದೆಯೆಂಬುದನ್ನು ಒಪ್ಪಬೇಕು, ನಾಲಗೆ ಉಳಿದಿದೆ. ಅದೇ ಕಾಯಿದೆಯ 30ನೆಯ ಪ್ರಕರಣ ಎಂಟನೆಯ ತರಗತಿ ಮುಗಿಯುವವರೆಗೆ ಬೋರ್ಡ್ ಪರೀಕ್ಷೆಯ ಹೊರೆಯನ್ನು ಮಗುವಿನ ಮೇಲಿಡಬಾರದೆಂದಿತ್ತು. 2019ರ ತಿದ್ದುಪಡಿ ಐದು ಮತ್ತು ಎಂಟನೆಯ ತರಗತಿಗಳಲ್ಲಿ ಪರೀಕ್ಷೆಗೆ ದಾರಿಮಾಡಿತು. ಅನಂತರ ನಮ್ಮ ರಾಜ್ಯದಲ್ಲಿ ನಡೆದದ್ದು ವಿಚಿತ್ರ. 2024ರ ಮಾರ್ಚಿಯಲ್ಲಿ ಐದು, ಎಂಟು ಮತ್ತು ಒಂಬತ್ತನೆಯ ತರಗತಿಗಳ ಪರೀಕ್ಷೆ ಆರಂಭವಾಗಿ, ನ್ಯಾಯಾಲಯದ ಆಜ್ಞೆಯಿಂದ ನಡುವೆ ನಿಂತು, ಮತ್ತೆ ಆಜ್ಞೆಯಾಗಿ ಮುಂದುವರಿದು, ಏಪ್ರಿಲ್ 8ರಂದು ಫಲಿತಾಂಶಕ್ಕೆ ಸುಪ್ರೀಂ ಕೋರ್ಟಿನ ತಡೆ ಬಂದಿತು. ಪರೀಕ್ಷೆ ಬೇಕೆ ಬೇಡವೆ ಎಂಬುದರ ಬಗ್ಗೆ ತಿಳಿದವರಲ್ಲಿ ಪ್ರಾಮಾಣಿಕವಾದ ಭಿನ್ನಾಭಿಪ್ರಾಯವಿದೆ. ಹತ್ತು ವರ್ಷದ ಮಗುವಿಗೆ ‘ನಾಳೆ ಪರೀಕ್ಷೆ ಇದೆಯೋ ಇಲ್ಲವೋ ಗೊತ್ತಿಲ್ಲ’ ಎಂಬ ಸ್ಥಿತಿ ಬೇಡವೆಂಬುದರಲ್ಲಿ ಭಿನ್ನಾಭಿಪ್ರಾಯವಿರಬೇಕಾಗಿಲ್ಲ. ಕಷ್ಟವನ್ನು ಮಗು ತಾಳಬಲ್ಲದು. ಅನಿಶ್ಚಯವನ್ನು ತಾಳುವುದು ದೊಡ್ಡವರಿಗೇ ದುಸ್ತರ.

ಶಾಲೆಗೆ ಮರಳುವುದರ ಭಯವನ್ನು ಒಂದು ನಾಡೇ ಒಟ್ಟಾಗಿ ಕಂಡ ಕಾಲವೂ ಬಂದುಹೋಯಿತು. 2020ರ ಮಾರ್ಚಿ ತಿಂಗಳ ಮಧ್ಯದಲ್ಲಿ ಕೋವಿಡಿನಿಂದಾಗಿ ಮುಚ್ಚಿದ ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಒಂದರಿಂದ ಐದರವರೆಗಿನ ತರಗತಿಗಳು ಪೂರ್ಣವಾಗಿ ತೆರೆದದ್ದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳು! ತರಗತಿಯ ಕೊಠಡಿಯನ್ನೇ ಕಾಣದ ಮಗು ಎರಡನೆಯ ತರಗತಿಯ ಬೆಂಚಿನಲ್ಲಿ ಬಂದು ಕುಳಿತಿತು. ಮೊದಲ ದಿನ ಉಪಾಧ್ಯಾಯರು ಹೂ ಕೊಟ್ಟು, ಕೈಗೆ ಸ್ಯಾನಿಟೈಸರ್ ಹಾಕಿ ಬರಮಾಡಿಕೊಂಡರು. ಅದಾದ ಮೇಲೆ ಕಂಡದ್ದು ಬೇರೆ. ‘ಅಸರ್’ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಮೂರನೆಯ ತರಗತಿಯ ಮಕ್ಕಳು 2018ರಲ್ಲಿ ನೂರಕ್ಕೆ 27.3 ಇದ್ದದ್ದು 2022ರಲ್ಲಿ 20.5ಕ್ಕೆ ಇಳಿದಿತ್ತು. ಕಲಿಕೆಯ ಈ ನಷ್ಟವನ್ನು ತುಂಬಲು ನಮ್ಮ ರಾಜ್ಯ 2022–23ರಲ್ಲಿ ‘ಕಲಿಕಾ ಚೇತರಿಕೆ’ಯೆಂಬ ಕಾರ್ಯಕ್ರಮವನ್ನು ಹಮ್ಮಿಕೊಂಡದ್ದು ಸರಿಯಾದ ಕ್ರಮ. ಅಂಕಿಗಳನ್ನು ಓದುವವರು ಅವನ್ನು ವಿದ್ಯೆಯ ಅಂಕಿಗಳೆಂದು ಓದುತ್ತಾರೆ. ಅವು ಭಯದ ಅಂಕಿಗಳೂ ಹೌದು. ಓದಲು ಬಾರದ ಮಗು ದಿನಕ್ಕೆ ಎಷ್ಟು ಸಲ ತನ್ನ ಸರದಿಯನ್ನು ಎಣಿಸುತ್ತ ಕುಳಿತಿರಬೇಕು! ನಮ್ಮ ಬೀದಿಯ ಹುಡುಗನಿಗೆ ಕ್ಯಾಲೆಂಡರ್ ನೋಡುವ ತಾಯಿ ಇದ್ದಳು. ಬೆಳಗ್ಗೆ ಆರಕ್ಕೆ ಕೂಲಿಗೋ ಗಾರ್ಮೆಂಟ್ಸ್ ಕೆಲಸಕ್ಕೋ ಹೊರಡುವ ತಾಯಿಯ ಮಗು ಹೊಟ್ಟೆನೋವೆಂದು ಹೇಳುವುದು ಯಾರಿಗೆ? ಅದು ಏನೂ ಹೇಳದೆ ಒಂದು ದಿನ ಬರುವುದನ್ನು ನಿಲ್ಲಿಸುತ್ತದೆ. ಆಮೇಲೆ ಅದರ ಹೆಸರು ‘ಶಾಲೆ ಬಿಟ್ಟ ಮಕ್ಕಳ’ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ಹೆದರಿಕೆಯಿಂದ ಬಿಟ್ಟವರೆಷ್ಟು ಎಂಬ ಅಂಕಣವನ್ನು ಆ ಪಟ್ಟಿಯಲ್ಲಿ ನಾನು ಕಂಡಿಲ್ಲ.

ದೂರ ಹೋಗಿ ಮರಳಿದ ಮಗುವನ್ನು ಹೇಗೆ ಒಳಕ್ಕೆ ಕರೆದುಕೊಳ್ಳಬೇಕೆಂಬುದನ್ನು ನಮ್ಮವರೇ ಒಮ್ಮೆ ಯೋಚಿಸಿದ್ದುಂಟು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿಶಾಲೆಗಳನ್ನು ನೋಡಿ ಬಂದು, ತಮ್ಮದೇ ಆದ ‘ನಲಿಕಲಿ’ಯನ್ನು ರೂಪಿಸಿದರು. ಕಾಡಿನಂಚಿನ ಆ ಸೀಮೆಯಲ್ಲಿ ಜೇನುಕುರುಬರ, ಕಾಡುಕುರುಬರ ಹಾಡಿಗಳಿವೆ. ಕೆಲಸದ ಕಾಲದಲ್ಲಿ ಸಂಸಾರಗಳು ಕೊಡಗಿನ ಕಾಫಿ ತೋಟಗಳಿಗೆ ಹೊರಟುಹೋಗುತ್ತವೆ. ಎರಡು ತಿಂಗಳು ಬಿಟ್ಟು ಬಂದ ಮಗು ಸಾಮಾನ್ಯ ತರಗತಿಯಲ್ಲಿ ಎಲ್ಲರೂ ಹನ್ನೆರಡನೆಯ ಪಾಠದಲ್ಲಿರುವಾಗ ಕಣ್ಣು ಕಣ್ಣು ಬಿಡಬೇಕು. ನಲಿಕಲಿಯಲ್ಲಿ ಕಲಿಕೆಯನ್ನು ಒಂದು ಏಣಿಯಾಗಿ ಕಟ್ಟಿ, ಮೆಟ್ಟಿಲು ಮೆಟ್ಟಿಲಿಗೂ ಕಾರ್ಡುಗಳನ್ನಿಟ್ಟರು. ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ಹಿಂದುಳಿದವನೆಂದು ಯಾರೂ ಬೆರಳು ತೋರಿಸುವಂತಿಲ್ಲ, ಏಕೆಂದರೆ ಗುಂಪಿನಲ್ಲಿ ಒಬ್ಬೊಬ್ಬರೂ ಒಂದೊಂದು ಮೆಟ್ಟಿಲಿನಲ್ಲಿರುತ್ತಾರೆ. 2009ರ ಹೊತ್ತಿಗೆ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆಲ್ಲ ಹರಡಿತು. ಹರಡುವಾಗ ಎಲ್ಲ ಒಳ್ಳೆಯ ವಸ್ತುಗಳಿಗೂ ಆಗುವ ಗತಿ ಇದಕ್ಕೂ ಆಯಿತು. ಎಷ್ಟೋ ಕಡೆ ಕಾರ್ಡುಗಳು ಉಳಿದು ಅದರ ಹಿಂದಿನ ಮನಸ್ಸು ಉಳಿಯಲಿಲ್ಲ. ಮಕ್ಕಳು ಓದುವುದಿಲ್ಲವೆಂದು ಇದನ್ನು ದೂರುವವರೂ ಇದ್ದಾರೆ, ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಗೈರುಹಾಜರಾದ ಮಗುವಿಗೆ ಹಿಂದಿರುಗಲು ಒಂದು ಮೆಟ್ಟಿಲನ್ನು ಕಾದಿಟ್ಟ ಶಿಕ್ಷಣಕ್ರಮ ನಮ್ಮಲ್ಲಿ ಬೇರೊಂದು ಯಾವುದಿದೆ?

ಇನ್ನು ಮನೆಯ ಮಾತು. ರಜೆಯುದ್ದಕ್ಕೂ ನಾವು ಮೇಷ್ಟ್ರನ್ನು ಗುಮ್ಮನನ್ನಾಗಿ ಬಳಸುತ್ತೇವೆ. ‘ಇರು, ಸ್ಕೂಲು ಶುರುವಾಗಲಿ, ನಿಮ್ಮ ಮಿಸ್ಸಿಗೆ ಹೇಳುತ್ತೇನೆ’ ಎಂದು ಏಪ್ರಿಲಿನಲ್ಲಿ ಹೆದರಿಸಿ, ಜೂನಿನಲ್ಲಿ ‘ಮಿಸ್ಸು ಬಹಳ ಒಳ್ಳೆಯವರು’ ಎಂದರೆ ಮಗು ಯಾವುದನ್ನು ನಂಬಬೇಕು? ಗೇಟಿನ ಬಳಿ ಕಣ್ಣುತಪ್ಪಿಸಿ ಬರುವುದು ಇನ್ನೊಂದು ವಾಡಿಕೆ. ಬೊಂಬೆ ತೋರಿಸಿ ಮರುಗಳಿಗೆಯಲ್ಲಿ ಮಾಯವಾದ ತಾಯಿ ಅಂದಿನ ಅಳುವನ್ನು ಉಳಿಸಿಕೊಂಡಿರಬಹುದು. ಕಣ್ಣು ಮಿಟುಕಿಸಿದರೆ ಅಮ್ಮ ಕಾಣೆಯಾಗುತ್ತಾಳೆಂಬ ಪಾಠವನ್ನು ಮಾತ್ರ ಕಲಿಸಿರುತ್ತಾಳೆ. ಹೇಳಿ ಹೊರಡುವುದೇ ಮೇಲು. ‘ಊಟವಾದ ಮೇಲೆ ಒಂದು ಆಟ, ಆಮೇಲೆ ಗಂಟೆ, ಗಂಟೆಯಾದಾಗ ತಾತ ಈ ಮರದ ಕೆಳಗೆ ಇರುತ್ತಾರೆ’ ಎಂದು ಹೇಳಿ, ಒಮ್ಮೆ ಅಪ್ಪಿ, ಹಿಂದಿರುಗಿ ನೋಡದೆ ನಡೆಯಬೇಕು. ಆಮೇಲೆ ತಾತ ಆ ಮರದ ಕೆಳಗೆ ಇರಬೇಕು. ಹತ್ತು ನಿಮಿಷ ತಡವಾದರೆ ಹತ್ತು ದಿನದ ಕೆಲಸ ಕೆಟ್ಟಿತು. ಗಡಿಯಾರ ನೋಡಲು ಬಾರದ ಮಗುವಿಗೆ ಮೂರೂವರೆ ಗಂಟೆಯೆಂದರೆ ಅರ್ಥವಿಲ್ಲ, ಮರವೆಂದರೆ ಅರ್ಥವಿದೆ.

ಶಾಲೆ ತೆರೆಯುವ ವಾರಕ್ಕೆ ಮುಂಚಿನಿಂದಲೇ ಮಲಗುವ, ಏಳುವ ಹೊತ್ತನ್ನು ಹಿಂದಕ್ಕೆ ತರುವುದು, ಒಂದು ಸಂಜೆ ಖಾಲಿ ಶಾಲೆಯ ಸುತ್ತ ನಡೆದು ಬರುವುದು, ಅದೇ ತರಗತಿಯ ಒಂದು ಮಗುವನ್ನು ಮನೆಗೆ ಆಡಲು ಕರೆಯುವುದು, ಇವೆಲ್ಲ ಖರ್ಚಿಲ್ಲದ ಮದ್ದುಗಳು. ಒಬ್ಬ ಗೆಳೆಯನಿದ್ದಾನೆಂದು ತಿಳಿದ ಮಗುವಿಗೆ ಶಾಲೆಯ ಕಟ್ಟಡ ಅರ್ಧದಷ್ಟು ಚಿಕ್ಕದಾಗುತ್ತದೆ. ಲಂಚಕ್ಕೆ ನನ್ನ ಸಮ್ಮತಿಯಿಲ್ಲ. ಐಸ್‌ಕ್ರೀಮಿನಿಂದ ಶುರುವಾದದ್ದು ಸೈಕಲ್ಲಿನವರೆಗೂ ಹೋಗುತ್ತದೆ. ಮಲಗುವ ಹೊತ್ತಿನಲ್ಲಿ ‘ನಾಳೆ ಅಳುವುದಿಲ್ಲ ತಾನೆ?’ ಎಂದು ಕೇಳುವ ಪ್ರೀತಿಯೂ ಬೇಡ. ಆ ಪ್ರಶ್ನೆಯಲ್ಲಿ ಅಳುವಿನ ಬೀಜವಿದೆ. ಒಂದು ಮಾತನ್ನು ತಾಯಂದಿರು ಮನ್ನಿಸಬೇಕು: ಕೆಲವು ಮನೆಗಳಲ್ಲಿ ಮಗುವಿಗಿಂತ ಅವರೇ ಹೆಚ್ಚು ಹೆದರಿರುತ್ತಾರೆ. ಮಗು ಮುಖ ನೋಡಿ ಓದುವಷ್ಟು ಚೆನ್ನಾಗಿ ಪುಸ್ತಕ ಓದುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಎರಡು ಮೂರು ವಾರ ಕಳೆದರೂ ಮಗು ಹೋಗದಿದ್ದರೆ, ಊಟ ನಿದ್ರೆಗಳು ಕೆಟ್ಟರೆ, ‘ನಾನು ಇರುವುದೇ ಬೇಡ’ ಎಂಬಂಥ ಮಾತು ಆಡಿದರೆ, ಆಗ ತಡಮಾಡಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೇ ಇದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ದೂರವಾಣಿಗೆ 14416 ಎಂಬ ಸಂಖ್ಯೆಗೆ ಹಣವಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮಗುವಿನ ಮೇಲೆ ದೌರ್ಜನ್ಯವಾಗುತ್ತಿದೆಯೆಂಬ ಶಂಕೆಯಿದ್ದರೆ ಮಕ್ಕಳ ಸಹಾಯವಾಣಿ 1098. ಇಲ್ಲಿಗೆ ಕರೆಮಾಡುವುದು ಮಗುವಿಗೆ ಹುಚ್ಚೆಂದು ಒಪ್ಪಿಕೊಳ್ಳುವುದಲ್ಲ. ಹಾಗೆಯೇ, ಎಲ್ಲ ಹೆದರಿಕೆಯನ್ನೂ ರೋಗವೆಂದು ಕರೆದು ವೈದ್ಯರ ಕೈಗೊಪ್ಪಿಸಿ ಶಾಲೆ ತನ್ನ ಕೈ ತೊಳೆದುಕೊಳ್ಳುವ ಹೊಸ ಚಾಳಿಯ ಬಗ್ಗೆಯೂ ಎಚ್ಚರ ಬೇಕು. ಚಿಲಕವಿಲ್ಲದ ಬಾಗಿಲಿಗೆ ಮನೋವೈದ್ಯರು ಏನು ಮಾಡಿಯಾರು?

ಮುಖ್ಯೋಪಾಧ್ಯಾಯರಲ್ಲಿ ಒಂದು ಬಿನ್ನಹವಿದೆ. ಪ್ರಾರಂಭೋತ್ಸವದ ದಿನ ತೋರಣ ಕಟ್ಟಿಸಿರಿ, ಸಿಹಿ ಹಂಚಿರಿ, ಸಂತೋಷ. ಅನಂತರದ ಒಂದು ವಾರ ಯಾವ ಕಿರುಪರೀಕ್ಷೆಯನ್ನೂ ಇಡಬೇಡಿ, ಯಾರನ್ನೂ ಎದ್ದುನಿಂತು ಓದೆನ್ನಬೇಡಿ. ದೀರ್ಘಕಾಲ ಬಾರದೆ ಬಂದವನನ್ನು ತರಗತಿಯೆಲ್ಲ ಕೇಳುವಂತೆ ‘ಓಹೋ, ಈಗ ನೆನಪಾಯಿತೋ!’ ಎಂದು ಸ್ವಾಗತಿಸುವ ಹಳೆಯ ಹಾಸ್ಯವನ್ನು ದಯವಿಟ್ಟು ಬಿಡಿಸಿ. ನಗಿಸುವುದು ಉಪಾಧ್ಯಾಯರ ಉದ್ದೇಶವಿರಬಹುದು. ಅಂಥ ನಗೆಯನ್ನು ಒಮ್ಮೆ ಕೇಳಿದ ಹುಡುಗ ಮರುದಿನ ಬಾರದಿದ್ದುದು ನನಗೆ ಗೊತ್ತು, ಆ ಹುಡುಗ ನನ್ನ ಬೆಂಚಿನವನೇ ಆಗಿದ್ದ.

ನಮ್ಮ ಬೀದಿಯ ಆ ತಾಯಿ ಜನವರಿಯಲ್ಲಿ 2026ರ ಹೊಸ ಕ್ಯಾಲೆಂಡರನ್ನು ಅಡಿಗೆಮನೆಯಲ್ಲಿ ತೂಗುಹಾಕಿದರು. ಕೆಂಪು ಪೆನ್ಸಿಲನ್ನು ತೆಗೆದಿಡಲಿಲ್ಲ. ಒಂದು ದಾರಕ್ಕೆ ಕಟ್ಟಿ ಅದೇ ಮೊಳೆಗೆ ಬಿಟ್ಟಿದ್ದಾರೆ. ಬೇಸಗೆ ರಜೆ ಮುಗಿದ ಮೇಲೆ ಹುಡುಗ ನಾಲ್ಕನೆಯ ತರಗತಿ, ಟೀಚರು ಬೇರೆಯವರು, ಬೇಕಾದರೂ ಬೇಕಾದೀತು ಎನ್ನುತ್ತಾರೆ.